ಸರಕಾರಿ ಶಾಲೆಯ ಶಿಕ್ಷಕರು ಮತ್ತು ಆಟದ ನಡುವೆ ಬದಲಾಗುವ ನಿಯಮಗಳು

ಬ್ರಹ್ಮಾವರ ಸಮೀಪದ ನಿವೃತ್ತ ಮುಖ್ಯ ಶಿಕ್ಷಕ (ವಿಷಯ ಮಂಡನೆ)

ದೀಪಾವಳಿ ಮುಗಿದು ಶಾಲೆಗಳು ಮತ್ತೆ ತೆರೆದಿವೆ. ಈ ವರ್ಷ ಮಕ್ಕಳ ದಸರಾ ರಜೆ ಬೆಳೆಯುತ್ತಲೇ ಹೋಯಿತು. ಸಮೀಕ್ಷೆಗೆ ನಿಯೋಜನೆಗೊಂಡ ಶಿಕ್ಷಕರಿಗೆ ಆ ರಜೆ ಸಿಗಲೇ ಇಲ್ಲ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಆರಂಭವಾಗಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಮುಗಿಯಲಿಲ್ಲವಾದ್ದರಿಂದ ಸರಕಾರಿ ಮತ್ತು ಅನುದಾನಿತ ಶಾಲೆಗಳನ್ನು 18ರ ವರೆಗೆ ಮುಚ್ಚಿ ಶಿಕ್ಷಕರನ್ನು ಮತ್ತೆ ಮನೆ ಮನೆಗೆ ಕಳುಹಿಸಲಾಯಿತು. ಖಾಸಗಿ ಶಾಲೆಗಳಲ್ಲಿ ಪಾಠ ನಡೆಯುತ್ತಿದ್ದ ಆ ದಿನಗಳಲ್ಲಿ ನಮ್ಮ ಮಕ್ಕಳು ಅಂಗಳದಲ್ಲಿ ಲಗೋರಿ ಆಡುತ್ತಿದ್ದರು.

ನಾನು ಸಮೀಕ್ಷೆಯ ವಿರೋಧಿಯಲ್ಲ. ಯಾರ ಪಾಲಿಗೆ ಏನು ದಕ್ಕಿದೆ ಎಂದು ಲೆಕ್ಕ ಹಾಕದೆ ಸಾಮಾಜಿಕ ನ್ಯಾಯದ ಮಾತನಾಡುವುದು ಕಷ್ಟವೆಂದೇ ನಂಬಿದ್ದೇನೆ. 2015ರಲ್ಲಿ ಕಾಂತರಾಜು ಅವರ ಆಯೋಗದ ಸಮೀಕ್ಷೆ ನಡೆದಾಗ ಬೇಸಿಗೆಯ ಬಿಸಿಲಿನಲ್ಲಿ ಉದ್ದದ ನಮೂನೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಗದ್ದೆಯ ಅಂಚಿನಲ್ಲಿ ನಡೆದವರಲ್ಲಿ ನಾನೂ ಒಬ್ಬ. ಆ ವರದಿ ಸರಕಾರದ ಕೈ ಸೇರಿದ್ದು 2024ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅಂಕಿಅಂಶ ಹಳತಾಯಿತೆಂದು 2025ರ ಜೂನ್‌ನಲ್ಲಿ ಮರುಸಮೀಕ್ಷೆಯ ತೀರ್ಮಾನವಾಯಿತು. ನಾವು ನಡೆದ ದಾರಿಯನ್ನೇ ನನ್ನ ನಂತರ ಬಂದವರು ಮೊಬೈಲ್ ಹಿಡಿದು ಮತ್ತೊಮ್ಮೆ ನಡೆದರು. ಘಟ್ಟದ ಬುಡದ ಊರುಗಳಲ್ಲಿ ಸಂಪರ್ಕಜಾಲ ಸಿಗದೆ ಒಂದೇ ಮನೆಗೆ ಎರಡು ಮೂರು ಸಲ ಹತ್ತಿದರು. ಸಮೀಕ್ಷೆಯನ್ನು ಒಪ್ಪದವರು ತಮ್ಮ ಸಿಟ್ಟನ್ನು ವಿಧಾನಸೌಧದ ಬಾಗಿಲಿಗೆ ಒಯ್ಯಲಿಲ್ಲ. ತಮ್ಮ ಮನೆಯ ಬಾಗಿಲಿಗೆ ಬಂದ ಟೀಚರ ಮೇಲೆ ತೀರಿಸಿಕೊಂಡರು.

ಇದನ್ನೆಲ್ಲ ನೋಡಿದ ಮೇಲೆ ಹುಟ್ಟಿದ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಸರಕಾರಿ ಶಾಲೆಯ ಶಿಕ್ಷಕರನ್ನು ರಾಜ್ಯ ನ್ಯಾಯವಾಗಿ ನಡೆಸಿಕೊಳ್ಳುತ್ತಿದೆಯೇ? ಸಂಬಳದ ಮಾತನ್ನೇ ಮೊದಲು ಎತ್ತುವವರಿದ್ದಾರೆಂದು ಬಲ್ಲೆ. ನನಗೆ ಅದಕ್ಕಿಂತ ಬೇರೆಯೇ ಒಂದು ಅನುಮಾನವಿದೆ. ಕೆಲಸಕ್ಕೆ ಸೇರುವಾಗ ಹೇಳಿದ ಷರತ್ತುಗಳನ್ನು ಕೆಲಸದ ನಡುವೆ ಬದಲಾಯಿಸುವ ಅಭ್ಯಾಸ ನಮ್ಮ ಸರಕಾರಗಳಿಗೆ, ಪಕ್ಷ ಯಾವುದೇ ಇರಲಿ, ರಕ್ತಗತವಾಗಿದೆ ಎಂಬುದೇ ಆ ಅನುಮಾನ. ನಾನು ಹಳೆಯ ಪಿಂಚಣಿ ಪಡೆಯುವವನು. ಆದ್ದರಿಂದ ನನ್ನ ಮಾತಿನಲ್ಲಿ ಸ್ವಂತದ ನಷ್ಟದ ನೋವಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಮಂಗಳೂರಿನ ಬ್ಯಾಂಕ್ ಉದ್ಯೋಗಿ, ಇಬ್ಬರು ಮಕ್ಕಳ ತಂದೆ

ಗುರುಗಳು ಸಂಬಳದ ಮಾತನ್ನು ಬದಿಗಿಡಲು ಹೇಳಿದರು. ನಾನು ಅಲ್ಲಿಂದಲೇ ಆರಂಭಿಸುತ್ತೇನೆ, ಕ್ಷಮಿಸಬೇಕು. ಸುಧಾಕರ ರಾವ್ ಅವರ ನೇತೃತ್ವದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದು, ರಾಜ್ಯ ನೌಕರರ ಕನಿಷ್ಠ ಮೂಲ ವೇತನ 17 ಸಾವಿರದಿಂದ 27 ಸಾವಿರಕ್ಕೆ ಏರಿತು. ನನ್ನ ಮಕ್ಕಳಿಗೆ ಕಲಿಸುವ ಖಾಸಗಿ ಶಾಲೆಯ ಶಿಕ್ಷಕಿ ಪಡೆಯುವ ಸಂಬಳವನ್ನು ಕೇಳಿದರೆ ಸರಕಾರಿ ಶಿಕ್ಷಕರು ತಮ್ಮ ಮನವಿ ಪತ್ರವನ್ನು ಮಡಚಿ ಕಿಸೆಗೆ ಹಾಕಿಕೊಳ್ಳುತ್ತಾರೆ. ಆಕೆಗೆ ಪಿಂಚಣಿಯೂ ಇಲ್ಲ, ತುಟ್ಟಿಭತ್ತೆಯೂ ಇಲ್ಲ, ಮುಷ್ಕರ ಹೂಡಿದರೆ ಮರುದಿನ ಕೆಲಸವೂ ಇಲ್ಲ. 2023ರ ಮಾರ್ಚ್ 1ರಂದು ರಾಜ್ಯ ನೌಕರರು ಒಂದೇ ದಿನ ಕೆಲಸ ನಿಲ್ಲಿಸಿ ಶೇ. 17ರ ಮಧ್ಯಂತರ ಪರಿಹಾರ ಪಡೆದದ್ದು ಎಲ್ಲರಿಗೂ ನೆನಪಿದೆ; ಚುನಾವಣೆ ಎರಡು ತಿಂಗಳ ದೂರದಲ್ಲಿತ್ತು.

ಇನ್ನೊಂದು ಮಾತು ಕಟುವಾಗಿ ಕೇಳಿಸಬಹುದು. ಸರಕಾರಿ ಶಾಲೆಯ ಶಿಕ್ಷಕರಲ್ಲಿ ತಮ್ಮ ಸ್ವಂತ ಮಕ್ಕಳನ್ನು ಸರಕಾರಿ ಶಾಲೆಗೆ ಕಳುಹಿಸುವವರು ಎಷ್ಟು ಮಂದಿ? ನಾನು ಕಳುಹಿಸುತ್ತಿಲ್ಲ, ಒಪ್ಪುತ್ತೇನೆ. ಆದರೆ ನಾನು ಆ ಅಂಗಡಿಯ ಮಾಲು ಮಾರುವವನಲ್ಲ.

ಬೈಂದೂರು ತಾಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕಿ, ಮೂಲ ವಿಜಯಪುರ ಜಿಲ್ಲೆ

ನನ್ನ ಮಗಳು ನನ್ನದೇ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿದ್ದಾಳೆ. ಬ್ಯಾಂಕಿನ ಸಹೋದರರ ಲೆಕ್ಕಕ್ಕೆ ಒಬ್ಬರು ಸಿಕ್ಕಂತಾಯಿತು.

ನಾನು ನೌಕರಿಗೆ ಸೇರಿದ್ದು 2008ರಲ್ಲಿ. ನಿಯಮಗಳು ಬದಲಾಗುವ ಬಗ್ಗೆ ಗುರುಗಳು ಹೇಳಿದ್ದು ನನ್ನ ಸೇವಾ ಪುಸ್ತಕವನ್ನು ಓದಿಯೇ ಹೇಳಿದಂತಿದೆ. ನಾನು ಸೇರುವುದಕ್ಕೆ ಎರಡು ವರ್ಷ ಮುಂಚೆ, 2006ರ ಏಪ್ರಿಲ್ 1ರಿಂದ ಸೇರುವವರಿಗೆ ರಾಜ್ಯ ಸರಕಾರ ಹಳೆಯ ಪಿಂಚಣಿ ನಿಲ್ಲಿಸಿ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ತಂದಿತ್ತು. ಮೂಲ ವೇತನ ಮತ್ತು ತುಟ್ಟಿಭತ್ತೆಯ ಶೇ. 10 ನನ್ನಿಂದ ಕಡಿತವಾಗುತ್ತದೆ. ಸರಕಾರ ಮೊದಲು ಅಷ್ಟೇ ಸೇರಿಸುತ್ತಿತ್ತು, 2019ರಿಂದ ಶೇ. 14 ಸೇರಿಸುತ್ತಿದೆ. ಆ ಹಣ ಮಾರುಕಟ್ಟೆಯಲ್ಲಿ ತೊಡಗುತ್ತದೆ. ನಿವೃತ್ತಿಯ ದಿನ ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಯಾವ ಅಧಿಕಾರಿಯೂ ಬರೆದುಕೊಡಲಾರ. ಆದರೂ ಇದನ್ನು ನಾನು ಮೋಸವೆಂದು ಕರೆಯುವುದಿಲ್ಲ, ಏಕೆಂದರೆ ನನಗೆ ಗೊತ್ತಿದ್ದೇ ಸೇರಿದೆ. ಪಕ್ಕದ ಕೋಣೆಯಲ್ಲಿ ಅದೇ ಕೆಲಸ ಮಾಡುವ, ನನಗಿಂತ ಮೂರು ವರ್ಷ ಮುಂಚೆ ಸೇರಿದ ಟೀಚರಿಗೆ ಒಂದು ವೃದ್ಧಾಪ್ಯ, ನನಗೆ ಇನ್ನೊಂದು ವೃದ್ಧಾಪ್ಯ ಎಂಬುದು ಮಾತ್ರ ಹಂಚಿಕೊಂಡು ಉಣ್ಣುವ ಹೊತ್ತಿನಲ್ಲಿ ಒಮ್ಮೊಮ್ಮೆ ನೆನಪಾಗುತ್ತದೆ.

ಮೋಸವೆನಿಸಿದ್ದು ಮುಂದಿನದು. ನಮ್ಮನ್ನು ಒಂದರಿಂದ ಏಳನೆಯ ತರಗತಿಯವರೆಗೆ ಕಲಿಸಲೆಂದು ನೇಮಿಸಿದ್ದರು. 2017ರ ವೃಂದ ಮತ್ತು ನೇಮಕಾತಿ ನಿಯಮ ಬಂದ ಮೇಲೆ ನಾವು ಒಂದರಿಂದ ಐದರ ಶಿಕ್ಷಕರಾದೆವು. ಆರರಿಂದ ಎಂಟಕ್ಕೆ ಪದವೀಧರ ಪ್ರಾಥಮಿಕ ಶಿಕ್ಷಕರು ಎಂಬ ಬೇರೆ ವೃಂದವಾಯಿತು. ನಾನು ಸೇವೆಯಲ್ಲಿದ್ದುಕೊಂಡೇ ಬಿ.ಎ. ಮತ್ತು ಬಿ.ಇಡಿ. ಮುಗಿಸಿದ್ದೇನೆ, ಏಳನೆಯ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತಲೂ ಇದ್ದೇನೆ. ಕಲಿಸುವಾಗ ನಾನು ಪದವೀಧರೆ, ಬಡ್ತಿಯ ಪಟ್ಟಿ ಬಂದಾಗ ಅಲ್ಲ. ಹೊಸ ನಿಯಮವನ್ನು ಹೊಸಬರಿಗೆ ಅನ್ವಯಿಸಿ, ಮೊದಲೇ ಸೇರಿದವರಿಗೆ ಪೂರ್ವಾನ್ವಯ ಬೇಡ ಎಂದು ಕೇಳಲು 2024ರ ಆಗಸ್ಟ್‌ನಲ್ಲಿ ಸಾವಿರಾರು ಶಿಕ್ಷಕರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿದ್ದರು. ನಾನೂ ರಾತ್ರಿ ಬಸ್ಸಿನಲ್ಲಿ ಹೋಗಿ ಬಂದೆ. ಆ ನಿಯಮ ಮಾಡಿದಾಗ ಕಾಂಗ್ರೆಸ್ ಸರಕಾರವಿತ್ತು, ಆಮೇಲೆ ಮೈತ್ರಿ ಸರಕಾರ ಬಂತು, ಬಿಜೆಪಿ ಸರಕಾರ ಬಂತು, ಮತ್ತೆ ಕಾಂಗ್ರೆಸ್ ಬಂದಿದೆ. ಎಲ್ಲರೂ ಮನವಿ ಸ್ವೀಕರಿಸಿದ್ದಾರೆ. ಸ್ವೀಕರಿಸುವಾಗ ಫೋಟೋ ಕೂಡ ಚೆನ್ನಾಗಿ ಬರುತ್ತದೆ.

ವರ್ಗಾವಣೆಯದು ಇನ್ನೊಂದು ಕಥೆ. ಕರಾವಳಿಯ ಶಾಲೆಗಳಲ್ಲಿ ನನ್ನಂತೆ ವಿಜಯಪುರ, ಬಾಗಲಕೋಟೆ, ಗದಗ, ರಾಯಚೂರು ಕಡೆಯಿಂದ ಬಂದವರು ಬಹಳ ಮಂದಿ ಇದ್ದಾರೆ. ಬಂದ ಹೊಸದರಲ್ಲಿ ಮಕ್ಕಳು ಆಡುವ ಕುಂದಗನ್ನಡ ನನಗೆ ಅರ್ಥವಾಗುತ್ತಿರಲಿಲ್ಲ, ನನ್ನ ಭಾಷೆಗೆ ಅವರು ನಗುತ್ತಿದ್ದರು. "ಅಬ್ಬಿ ಬರ್ಲಿಲ್ಲೆ" ಎಂದು ಒಬ್ಬ ಹುಡುಗ ಅತ್ತಾಗ ಅಬ್ಬಿ ಎಂದರೆ ಅವ್ವ ಎಂದು ತಿಳಿಯಲು ನನಗೆ ಅರ್ಧ ಗಂಟೆ ಬೇಕಾಯಿತು. ಈಗ ನಾನೇ ಹಾಗೆ ಮಾತನಾಡುತ್ತೇನೆ. ಊರಿಗೆ ಹೋದರೆ ಅಲ್ಲಿಯವರು ನಗುತ್ತಾರೆ. ಆದರೆ ಊರಿನಲ್ಲಿ ಎಂಬತ್ತು ದಾಟಿದ ತಾಯಿ ಒಬ್ಬಳೇ ಇದ್ದಾಳೆ. ವರ್ಗಾವಣೆ ಕಾಯ್ದೆ 2007ರಲ್ಲಿ ಬಂತು, 2020ರಲ್ಲಿ ಹೊಸದಾಗಿ ಬಂತು. ಎರಡರಲ್ಲೂ ತಾಲೂಕಿನಲ್ಲಿ ಖಾಲಿ ಹುದ್ದೆ ನಿಗದಿತ ಪ್ರಮಾಣ ಮೀರಿದ್ದರೆ ಅಲ್ಲಿಂದ ಯಾರನ್ನೂ ಬಿಡುವುದಿಲ್ಲ. ಹುದ್ದೆ ತುಂಬದೆ ಬಿಟ್ಟದ್ದು ಸರಕಾರ, ಅದರ ಬಡ್ಡಿ ಕಟ್ಟುವುದು ನಾನು. ನಾಲ್ಕು ಸಲ ಕೌನ್ಸೆಲಿಂಗ್‌ಗೆ ಅರ್ಜಿ ಹಾಕಿದ್ದೇನೆ. ಒಂದು ಸಲ ನನ್ನ ಸರದಿ ಬರುವಷ್ಟರಲ್ಲಿ ಪಟ್ಟಿ ಮುಗಿದಿತ್ತು, ಇನ್ನೊಂದು ಸಲ ಪ್ರಕ್ರಿಯೆಯೇ ಮುಂದಕ್ಕೆ ಹೋಯಿತು.

ಬೆಳ್ತಂಗಡಿ ಕಡೆಯ ಕೃಷಿಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ

ಟೀಚರ ತಾಯಿಯ ವಿಷಯ ಓದಿ ಮನಸ್ಸಿಗೆ ಬೇಸರವಾಯಿತು. ಆದರೂ ನಾನು ಇನ್ನೊಂದು ಬದಿಯಿಂದ ಮಾತನಾಡಲೇಬೇಕು. ನಮ್ಮದು ಒಂದರಿಂದ ಐದರ ಕಿರಿಯ ಪ್ರಾಥಮಿಕ ಶಾಲೆ, 38 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು. ಒಬ್ಬರು ನಲಿ-ಕಲಿ ಎಂದು ಒಂದು, ಎರಡು, ಮೂರನೆಯ ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಳ್ಳುತ್ತಾರೆ. ಇನ್ನೊಬ್ಬರು ನಾಲ್ಕು ಮತ್ತು ಐದನ್ನು ನೋಡಿಕೊಂಡು, ಮುಖ್ಯ ಶಿಕ್ಷಕರ ಕೆಲಸವನ್ನೂ ಮಾಡುತ್ತಾರೆ. ಈ ಇಬ್ಬರಲ್ಲಿ ಒಬ್ಬರು ಹೋದ ವರ್ಷ ಪರಸ್ಪರ ವರ್ಗಾವಣೆಗೆ ಯಾರಾದರೂ ಸಿಗುತ್ತಾರೆಯೇ ಎಂದು ಹುಡುಕುತ್ತಿದ್ದರು. ಸಿಗದಿರಲಿ ಎಂದು ನಾನು ಒಳಗೊಳಗೇ ಆಶಿಸಿದೆ. ಅವರಿಗೆ ನ್ಯಾಯವಾದರೆ ನಮ್ಮ ಮಕ್ಕಳಿಗೆ ಅನ್ಯಾಯ. ಇದಕ್ಕೆ ಏನು ಮಾಡುವುದು?

ಕಾಗದದ ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮುಖ್ಯ ಶಿಕ್ಷಕರು ಸ್ಯಾಟ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಮಕ್ಕಳ ವಿವರ ತುಂಬಬೇಕು, ಶಾಲೆಯ ಅಂಕಿಅಂಶಗಳ ಯು-ಡೈಸ್ ತುಂಬಬೇಕು, ಹಾಲಿನ ಪುಡಿ ಮತ್ತು ಅಕ್ಕಿಯ ದಾಸ್ತಾನು ಬರೆಯಬೇಕು, ಮೊಟ್ಟೆ ತರಬೇಕು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದಲ್ಲಿ ಆರು ದಿನವೂ ಮೊಟ್ಟೆ ಸಿಗುತ್ತಿರುವುದು ದೊಡ್ಡ ಉಪಕಾರ, ಮಕ್ಕಳ ಮುಖದಲ್ಲೇ ಅದು ಕಾಣುತ್ತದೆ. ಆದರೆ ಒಂದು ಮೊಟ್ಟೆಗೆ ಕೊಡುವುದು ಆರು ರೂಪಾಯಿ, ಅದರಲ್ಲೇ ಬೇಯಿಸುವ ಇಂಧನ, ಸುಲಿಯುವ ಕೂಲಿ, ಸಾಗಾಟ ಎಲ್ಲವೂ ಸೇರಬೇಕು. ಅಂಗಡಿಯಲ್ಲಿ ಮೊಟ್ಟೆಯ ಬೆಲೆಯೇ ಆರನ್ನು ದಾಟಿದ ವಾರಗಳಲ್ಲಿ ಉಳಿದದ್ದನ್ನು ಯಾರು ಕೊಟ್ಟರೆಂದು ನಾನು ಕೇಳಿದಾಗ ಅವರು ನಕ್ಕು ಮಾತು ಬದಲಾಯಿಸಿದರು. ನಾನು ಅಡಿಕೆ ಮಾರುವವನು. ನಷ್ಟದ ವ್ಯಾಪಾರ ಯಾರದ್ದೆಂದು ಮುಖ ನೋಡಿದರೆ ತಿಳಿಯುತ್ತದೆ.

ಮಂಗಳೂರಿನ ವಕೀಲೆ

ಕಾನೂನಿನ ಮೂರು ಅಂಶಗಳನ್ನು ಇಲ್ಲಿ ಸೇರಿಸುವುದು ಉಪಯುಕ್ತ.

ಮೊದಲನೆಯದು ಸಮೀಕ್ಷೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸುವುದನ್ನು ನಿಷೇಧಿಸುತ್ತದೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳಿಗೆ ಮಾತ್ರ ಅದರಲ್ಲಿ ವಿನಾಯಿತಿ ಇದೆ. ರಾಜ್ಯದ ಆಯೋಗವೊಂದು ನಡೆಸುವ ಸಮೀಕ್ಷೆ ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ನನ್ನನ್ನು ಕೇಳಿದರೆ ನೇರವಾಗಿ ಯಾವುದಕ್ಕೂ ಸೇರುವುದಿಲ್ಲ ಎನ್ನುತ್ತೇನೆ. ರಜೆಯ ಅವಧಿಯಲ್ಲಿ ಮಾಡಿಸಿದೆವು ಎಂಬುದು ಸರಕಾರದ ಸಮರ್ಥನೆ. ರಜೆಯನ್ನೇ ಹಿಗ್ಗಿಸಿದ ಮೇಲೆ ಆ ಸಮರ್ಥನೆಗೆ ಬಲ ಉಳಿಯುವುದಿಲ್ಲ. ಸೆಪ್ಟೆಂಬರ್ 25ರ ಮಧ್ಯಂತರ ಆದೇಶದಲ್ಲಿ ಹೈಕೋರ್ಟ್ ಸಮೀಕ್ಷೆಗೆ ತಡೆ ನೀಡದೆ, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದೆಂದು ಸ್ಪಷ್ಟಪಡಿಸಿತು. ಬಾಗಿಲು ತೆರೆಯುವವನಿಗೆ ಇಚ್ಛೆಯ ಸ್ವಾತಂತ್ರ್ಯ ದೊರೆಯಿತು, ಬಾಗಿಲು ತಟ್ಟುವವಳಿಗೆ ಇರಲಿಲ್ಲ.

ಎರಡನೆಯದು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ನೀಡಿದ ತೀರ್ಪಿನಂತೆ, ಸೇವೆಯಲ್ಲಿ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು ಎರಡು ವರ್ಷಗಳೊಳಗೆ ಅರ್ಹತಾ ಪರೀಕ್ಷೆಯನ್ನು ಉತ್ತೀರ್ಣರಾಗಬೇಕು. ಐದಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಬಡ್ತಿ ಮಾತ್ರ ಸಿಗದು. 2010ರ ಆಗಸ್ಟ್ 23ರ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) ಅಧಿಸೂಚನೆಯು ಅದಕ್ಕಿಂತ ಮೊದಲು ನೇಮಕಗೊಂಡವರನ್ನು ಈ ಪರೀಕ್ಷೆಯಿಂದ ಹೊರಗಿಟ್ಟಿತ್ತು. ಬೈಂದೂರಿನ ಸಹೋದರಿ 2008ರಲ್ಲಿ ಸೇರಿದವರು; ಹದಿನೇಳು ವರ್ಷ ಕಲಿಸಿದ ಮೇಲೆ ಕಲಿಸಲು ಅರ್ಹರೇ ಎಂದು ಅವರು ಪರೀಕ್ಷೆ ಬರೆಯಬೇಕಾಗಿ ಬಂದಿದೆ. ತೀರ್ಪನ್ನು ನಾನು ಗೌರವಿಸುತ್ತೇನೆ, ಅದರ ಹಿಂದೆ ಮಕ್ಕಳ ಗುಣಮಟ್ಟದ ಶಿಕ್ಷಣದ ಹಕ್ಕಿನ ವಾದವಿದೆ. ಆದರೆ ಗುರುಗಳು ಹೇಳಿದ ನಡುವೆ ಬದಲಾಗುವ ನಿಯಮಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಮೂರನೆಯದನ್ನು ಬಹುತೇಕ ಮಂದಿ ಗಮನಿಸಿರುವುದಿಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಶಿಕ್ಷಕರ ಕ್ಷೇತ್ರಗಳಿವೆ. ದಕ್ಷಿಣ ಕನ್ನಡ ಮತ್ತು ಉಡುಪಿ ಸೇರಿರುವುದು ನೈಋತ್ಯ ಶಿಕ್ಷಕರ ಕ್ಷೇತ್ರಕ್ಕೆ. 2024ರ ಜೂನ್‌ನಲ್ಲಿ ಅಲ್ಲಿ ಎಸ್.ಎಲ್. ಭೋಜೇಗೌಡರು ಗೆದ್ದರು. ಆದರೆ ಸಂವಿಧಾನದ 171ನೇ ಅನುಚ್ಛೇದದಂತೆ ಈ ಕ್ಷೇತ್ರದಲ್ಲಿ ಮತ ಹಾಕಬಹುದಾದವರು ಪ್ರೌಢಶಾಲೆಗಿಂತ ಕೆಳಗಿನದಲ್ಲದ ಸಂಸ್ಥೆಗಳ ಶಿಕ್ಷಕರು ಮಾತ್ರ. ಅಂದರೆ, ರಾಜ್ಯದಲ್ಲಿ ಅತ್ಯಧಿಕ ಸಂಖ್ಯೆಯಲ್ಲಿರುವ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಮತವಿಲ್ಲ. ಖಾಸಗಿ ಕಾಲೇಜಿನ ಉಪನ್ಯಾಸಕನಾದ ನನ್ನ ಗಂಡನಿಗೆ ಇದೆ. ಚುನಾವಣೆಯ ಹೊತ್ತಿಗೆ ಅಭ್ಯರ್ಥಿಗಳು ಯಾವ ಯಾವ ಸ್ಟಾಫ್ ರೂಮಿನ ಮೆಟ್ಟಿಲು ಹತ್ತುತ್ತಾರೆಂದು ನೋಡಿದರೆ ಇದರ ಪರಿಣಾಮ ಅರ್ಥವಾಗುತ್ತದೆ.

ಮಂಗಳೂರಿನ ಬ್ಯಾಂಕ್ ಉದ್ಯೋಗಿ

171ನೇ ಅನುಚ್ಛೇದದ ವಿಷಯ ನನಗೆ ನಿಜಕ್ಕೂ ತಿಳಿದಿರಲಿಲ್ಲ. ಟೀಚರಿಗೆ ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಆ ಪ್ರಶ್ನೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಟಿಇಟಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಬ್ಯಾಂಕಿನಲ್ಲಿ ನಾವು ಬಡ್ತಿಗೆ ಪರೀಕ್ಷೆ ಬರೆಯುತ್ತೇವೆ, ಹೊಸ ವ್ಯವಸ್ಥೆ ಬಂದಾಗಲೆಲ್ಲ ಪ್ರಮಾಣಪತ್ರ ಪಡೆಯುತ್ತೇವೆ. ಹದಿನೇಳು ವರ್ಷ ಕಲಿಸಿದವರಿಗೆ ಆ ಪರೀಕ್ಷೆ ಕಷ್ಟವೇಕೆ ಆಗಬೇಕು?

ಬೈಂದೂರು ತಾಲೂಕಿನ ಶಿಕ್ಷಕಿ

ಕಷ್ಟವಾಗಲಿಕ್ಕಿಲ್ಲ, ಬರೆಯುತ್ತೇನೆ. ಸಮೀಕ್ಷೆಯ ಆ್ಯಪ್ ಮೊಬೈಲಿನಿಂದ ತೆಗೆದ ದಿನವೇ ಮಗುವಿನ ಬೆಳವಣಿಗೆ ಮತ್ತು ಬೋಧನಶಾಸ್ತ್ರದ ಪುಸ್ತಕ ತರಿಸಿದ್ದೇನೆ. ನಿಮ್ಮ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ನಿಮಗೆ ಬಡ್ತಿ ತಪ್ಪುತ್ತದೆ, ನಮಗೆ ನೌಕರಿ ತಪ್ಪುತ್ತದೆ. ನಾನು ಹೇಳುತ್ತಿರುವುದು ಈ ಅಂತರವನ್ನು ಮಾತ್ರ.

ಬೆಳ್ತಂಗಡಿಯ ಅಣ್ಣನವರ ಮಾತಿಗೆ ಉತ್ತರ ಕೊಡುವುದು ಇದಕ್ಕಿಂತ ಕಷ್ಟ. ನಾನು ಹೊರಟರೆ ನನ್ನ ಮಕ್ಕಳಿಗೆ ಯಾರು ಎಂಬ ಚಿಂತೆ ನನಗೂ ಇದೆ. ಆದರೆ ಆ ತಕ್ಕಡಿಯ ಒಂದು ತಟ್ಟೆಯಲ್ಲಿ ನನ್ನ ತಾಯಿಯನ್ನೂ ಇನ್ನೊಂದರಲ್ಲಿ ನಿಮ್ಮ 38 ಮಕ್ಕಳನ್ನೂ ಇಟ್ಟು, ತಕ್ಕಡಿ ಹಿಡಿದವರು ತಮ್ಮ ಕೈ ಖಾಲಿ ಎನ್ನುತ್ತಿದ್ದಾರಲ್ಲ, ಅವರನ್ನು ನಾವಿಬ್ಬರೂ ಸೇರಿ ಕೇಳಬೇಕಲ್ಲವೇ? 2022ರಲ್ಲಿ 15 ಸಾವಿರ ಪದವೀಧರ ಶಿಕ್ಷಕರ ನೇಮಕಾತಿಗೆ ಪರೀಕ್ಷೆ ನಡೆಯಿತು; ಮದುವೆಯಾದ ಮಹಿಳೆಯರ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯದ್ದಾಗಬೇಕೋ ಗಂಡನದ್ದಾಗಬೇಕೋ ಎಂಬ ವ್ಯಾಜ್ಯದಲ್ಲಿ ಪಟ್ಟಿ ಸಿಕ್ಕಿಹಾಕಿಕೊಂಡು, ಆಯ್ಕೆಯಾದವರು ಶಾಲೆ ಸೇರುವಾಗ 2023 ಮುಗಿಯುತ್ತ ಬಂದಿತ್ತು. ಆ ಒಂದು ಪ್ರಶ್ನೆಯನ್ನು ಅಧಿಸೂಚನೆ ಬರೆಯುವಾಗಲೇ ಇತ್ಯರ್ಥ ಮಾಡಿದ್ದರೆ ಒಂದು ಇಡೀ ಶೈಕ್ಷಣಿಕ ವರ್ಷ ಉಳಿಯುತ್ತಿತ್ತು.

ಉಡುಪಿ ಜಿಲ್ಲೆಯ ಅತಿಥಿ ಶಿಕ್ಷಕ

ಇಷ್ಟು ಹೊತ್ತು ನ್ಯಾಯದ ಮಾತು ನಡೆಯಿತು. ಖಾಲಿ ಹುದ್ದೆಯ ಕುರ್ಚಿಯಲ್ಲಿ ಈಗ ಕುಳಿತಿರುವವನ ಬಗ್ಗೆ ಯಾರೂ ಹೇಳಲಿಲ್ಲ. ನಾನು ಗಣಿತದಲ್ಲಿ ಪದವಿ ಮತ್ತು ಬಿ.ಇಡಿ. ಮಾಡಿದವನು, ಟಿಇಟಿ ಉತ್ತೀರ್ಣನಾಗಿದ್ದೇನೆ. 2025-26ರ ಬಜೆಟ್‌ನಲ್ಲಿ 2 ಸಾವಿರ ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕನಿಗೆ ತಿಂಗಳಿಗೆ 12 ಸಾವಿರ. ಅದೂ ತಿಂಗಳು ತಿಂಗಳು ಬರುವುದಿಲ್ಲ, ಅನುದಾನ ಬಿಡುಗಡೆಯಾದಾಗ ಒಟ್ಟಿಗೆ ಬರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ನಾನು ಶಿಕ್ಷಕನಲ್ಲ. ಜೂನ್‌ನಲ್ಲಿ ಮತ್ತೆ ಅರ್ಜಿ, ಮತ್ತೆ ಮೂಲ ಪ್ರಮಾಣಪತ್ರಗಳ ಪರಿಶೀಲನೆ. ಅದೇ ಮುಖ್ಯ ಶಿಕ್ಷಕರು, ಅದೇ ಪ್ರಮಾಣಪತ್ರ, ಅದೇ ನಾನು.

ಬ್ಯಾಂಕಿನವರು ಹೇಳಿದ ಖಾಸಗಿ ಶಾಲೆಯ ಶಿಕ್ಷಕಿಗೆ ಯಾವ ಗತಿಯೋ, ಸರಕಾರಿ ಶಾಲೆಯೊಳಗೇ ಇರುವ ನನಗೂ ಅದೇ ಗತಿ. ವ್ಯತ್ಯಾಸವೇನೆಂದರೆ ನನ್ನ ಮಾಲೀಕ ಕನಿಷ್ಠ ವೇತನದ ಕಾನೂನು ಮಾಡುವವನು. ಕಾಯಂ ಶಿಕ್ಷಕರ ಸಂಘ ತನ್ನ ಬೇಡಿಕೆಯ ಪಟ್ಟಿಯಲ್ಲಿ ನಮ್ಮನ್ನು ಎಷ್ಟನೆಯ ಸಾಲಿನಲ್ಲಿ ಇಡುತ್ತದೆ ಎಂದು ಒಮ್ಮೆ ಓದಿ ನೋಡಬೇಕು. ಇದನ್ನು ಬೈಂದೂರಿನ ಟೀಚರ ಮೇಲಿನ ಸಿಟ್ಟಿನಿಂದ ಬರೆಯುತ್ತಿಲ್ಲ. ನನ್ನ ಶಾಲೆಯಲ್ಲಿ ನನ್ನ ಊಟದ ಬುತ್ತಿಗೆ ದಿನವೂ ಪಲ್ಯ ಹಾಕುವವರು ಅಂಥದೇ ಒಬ್ಬರು ಟೀಚರ್.

ಬ್ರಹ್ಮಾವರ ಸಮೀಪದ ನಿವೃತ್ತ ಮುಖ್ಯ ಶಿಕ್ಷಕ

ಅತಿಥಿ ಶಿಕ್ಷಕರ ಆಕ್ಷೇಪವನ್ನು ಒಪ್ಪುತ್ತೇನೆ. ನನ್ನ ಮೊದಲ ಬರಹದಲ್ಲಿ ಅವರ ಉಲ್ಲೇಖವೇ ಇರಲಿಲ್ಲ. ನಾವು ಸೇವೆಯಲ್ಲಿದ್ದಾಗಲೂ ಅವರನ್ನು ಶಾಲೆಯ ಲೆಕ್ಕದಲ್ಲಿ ಸೇರಿಸಿಕೊಂಡೆವು, ನಮ್ಮ ಲೆಕ್ಕದಲ್ಲಿ ಸೇರಿಸಿಕೊಳ್ಳಲಿಲ್ಲ.

ಹಣವಿಲ್ಲ ಎಂಬ ಉತ್ತರ ಸರಕಾರದಿಂದ ಬರುವುದು ಸಹಜ. ಅದಕ್ಕೆ ಒಂದು ದಿನಾಂಕವನ್ನು ನೆನಪಿಸುತ್ತೇನೆ. 2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ, 18 ಮಂದಿ ಬಿಜೆಪಿ ಶಾಸಕರು ಅಮಾನತಾದರು. ಅದೇ ದಿನ ಅದೇ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ಶಾಸಕರ ತಿಂಗಳ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ, ಮಾಜಿಗಳ ಪಿಂಚಣಿಯನ್ನು 50 ಸಾವಿರದಿಂದ 75 ಸಾವಿರಕ್ಕೆ ಏರಿಸುವ ಮಸೂದೆಗಳಿಗೆ ಒಪ್ಪಿಗೆ ದೊರೆಯಿತು. ಅಮಾನತಾದ ಪಕ್ಷದವರಾಗಲಿ ಅಮಾನತು ಮಾಡಿದ ಪಕ್ಷದವರಾಗಲಿ ಆ ಹೆಚ್ಚಳವನ್ನು ಬೇಡವೆಂದು ಹಿಂತಿರುಗಿಸಿದ ಸುದ್ದಿಯನ್ನು ನಾನು ಓದಿಲ್ಲ. ಅವರಿಗೂ ಮನೆ ಸಂಸಾರವಿದೆ, ಏರಿಸಿಕೊಳ್ಳಲಿ. ಅವರ ಪಿಂಚಣಿ ಮಾತ್ರ ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿದ್ದಲ್ಲ.

ಇನ್ನು ಫಲಿತಾಂಶದ ವಿಷಯ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ಶೇ. 94, ದಕ್ಷಿಣ ಕನ್ನಡ ಶೇ. 92.12 ಪಡೆದು ಮೊದಲೆರಡು ಸ್ಥಾನ ಗಳಿಸಿದವು. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12, ಉಡುಪಿ ಶೇ. 89.96 ಪಡೆದು ಸ್ಥಾನ ಅದಲುಬದಲಾಯಿತು. ಅದೇ ವರ್ಷ ಕೊನೆಯ ಸ್ಥಾನದ ಕಲಬುರಗಿಗೆ ಶೇ. 42.43. ನಮ್ಮವರು ಈ ಅಂಕಿಗಳನ್ನು ಫ್ಲೆಕ್ಸ್ ಮಾಡಿ ನಿಲ್ಲಿಸುತ್ತಾರೆ, ಅಲ್ಲಿಯ ಶಿಕ್ಷಕರು ಕಾರಣ ಕೇಳುವ ನೋಟಿಸಿಗೆ ಉತ್ತರ ಬರೆಯುತ್ತಾರೆ. ಆದರೆ ಬೈಂದೂರಿನಲ್ಲಿ ನಮ್ಮ ಮಕ್ಕಳಿಗೆ ಅಡಿಪಾಯ ಹಾಕಿದವರು ವಿಜಯಪುರದಿಂದ ಬಂದ ಟೀಚರಲ್ಲವೇ? ಅವರೇ ಅಲ್ಲಿದ್ದಿದ್ದರೆ ನೋಟಿಸು, ಇಲ್ಲಿದ್ದರೆ ಶಾಲು. ಈ ಜಿಲ್ಲೆಗಳಲ್ಲಿ ಬಾಸೆಲ್ ಮಿಷನ್ನಿನವರು 1836ರಿಂದ ಶಾಲೆ ಕಟ್ಟಿದರು, 1892ರಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಮಂಗಳೂರಿನಲ್ಲಿ ಶಾಲೆ ತೆರೆದರು, ನಮ್ಮ ಕಾಲದಲ್ಲಿ ಕಿತ್ತಳೆ ಮಾರಿದ ಹರೇಕಳ ಹಾಜಬ್ಬರು ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದರು. ಸುಮಾರು ಎರಡು ಶತಮಾನಗಳ ಈ ಬಂಡವಾಳದ ಬಡ್ಡಿಯನ್ನು ನಾವು ಇವತ್ತಿಗೂ ಉಣ್ಣುತ್ತಿದ್ದೇವೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಒಂದು ಜಿಲ್ಲೆಯ ಶಿಕ್ಷಕರನ್ನು ಹೊಗಳಿ ಇನ್ನೊಂದು ಜಿಲ್ಲೆಯ ಶಿಕ್ಷಕರನ್ನು ಜರೆಯುವುದು ಯಾವ ನ್ಯಾಯವೋ ನನಗೆ ತಿಳಿಯದು.

ಬೆಳ್ತಂಗಡಿ ಕಡೆಯ ಕೃಷಿಕ

ಶಾಸಕರ ಮಸೂದೆಗೆ ಒಂದು ದಿನ ಸಾಕಾಯಿತು, ಶಿಕ್ಷಕರ ನಿಯಮಕ್ಕೆ 2017ರಿಂದ ದಿನ ಸಿಕ್ಕಿಲ್ಲ. ವಕೀಲರಲ್ಲಿ ಒಂದು ಪ್ರಶ್ನೆ: ಶಿಕ್ಷಕರ ಕ್ಷೇತ್ರದಲ್ಲಿ ಮತವಿಲ್ಲದಿದ್ದರೆ ಪ್ರಾಥಮಿಕ ಶಾಲೆಯ ಟೀಚರುಗಳು ಪದವೀಧರರ ಕ್ಷೇತ್ರದಲ್ಲಾದರೂ ಮತ ಹಾಕಬಹುದಲ್ಲ?

ಮಂಗಳೂರಿನ ವಕೀಲೆ

ಹಾಕಬಹುದು. ಅರ್ಹತಾ ದಿನಾಂಕಕ್ಕೆ ಕನಿಷ್ಠ ಮೂರು ವರ್ಷ ಮುಂಚೆ ಪದವಿ ಪಡೆದಿದ್ದು, ಕ್ಷೇತ್ರದ ವ್ಯಾಪ್ತಿಯಲ್ಲಿ ವಾಸವಿದ್ದರೆ ನಮೂನೆ 18ರಲ್ಲಿ ಅರ್ಜಿ ಸಲ್ಲಿಸಿ ನೈಋತ್ಯ ಪದವೀಧರರ ಕ್ಷೇತ್ರದ ಮತದಾರರಾಗಬಹುದು. ಬೈಂದೂರಿನ ಸಹೋದರಿಗೂ ಅತಿಥಿ ಶಿಕ್ಷಕರಿಗೂ ಈ ಅರ್ಹತೆ ಇದೆ. ಪಿಯುಸಿಯ ನಂತರ ಟಿಸಿಎಚ್ ಅಥವಾ ಡಿ.ಇಡಿ. ಶಿಕ್ಷಕ ತರಬೇತಿ ಮಾತ್ರ ಮಾಡಿ ಸೇರಿದ ಹಿರಿಯ ಶಿಕ್ಷಕರಿಗೆ ಅದೂ ಇಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಈ ಪಟ್ಟಿ ವಿಧಾನಸಭೆಯ ಮತದಾರರ ಪಟ್ಟಿಯಂತೆ ಮುಂದುವರಿಯುವುದಿಲ್ಲ. ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧವಾಗುತ್ತದೆ. ಹಿಂದೆ ಒಮ್ಮೆ ನೋಂದಾಯಿಸಿದವರೂ ಮತ್ತೆ ಅರ್ಜಿ ಕೊಡಬೇಕು. ಕಳೆದ ಚುನಾವಣೆ 2024ರ ಜೂನ್‌ನಲ್ಲಿ ನಡೆದಿರುವುದರಿಂದ ಮುಂದಿನದು 2030ರಲ್ಲಿ. ಅರ್ಹತಾ ದಿನಾಂಕ 2029ರ ನವೆಂಬರ್ 1 ಆಗುತ್ತದೆ.

ಉಡುಪಿ ಜಿಲ್ಲೆಯ ಅತಿಥಿ ಶಿಕ್ಷಕ

ಬರೆದಿಟ್ಟುಕೊಂಡೆ. ನವೆಂಬರ್ ಆದ್ದರಿಂದ ಅಡ್ಡಿಯಿಲ್ಲ, ಆ ತಿಂಗಳಲ್ಲಿ ನಾನು ಶಿಕ್ಷಕನಾಗಿರುತ್ತೇನೆ.

ಬೈಂದೂರು ತಾಲೂಕಿನ ಶಿಕ್ಷಕಿ

ನಾನೂ ಬರೆದುಕೊಂಡಿದ್ದೇನೆ. ನಮ್ಮ ಶಾಲೆಯ ಹಿರಿಯ ಟೀಚರಿಗೆ ಪದವಿ ಇಲ್ಲ, ಇನ್ನು ನಾಲ್ಕು ವರ್ಷದ ಸೇವೆ ಉಳಿದಿದೆ. ಟಿಇಟಿ ಬರೆಯದೆ ನಿವೃತ್ತರಾಗಬಹುದು ಎಂದು ನಿನ್ನೆ ಹೇಳಿದಾಗ ಅವರು ಮೊದಲು ನಂಬಲಿಲ್ಲ. ತೀರ್ಪಿನ ಆ ಭಾಗದ ಕನ್ನಡ ಅನುವಾದ ವಕೀಲರ ಬಳಿ ಇದ್ದರೆ ದಯವಿಟ್ಟು ಕಳುಹಿಸಿಕೊಡಿ, ಸೋಮವಾರ ಅವರಿಗೆ ಓದಿ ಹೇಳುತ್ತೇನೆ.